ಯಾವ ಮಲ್ಲಿಕಾ ಎಂದು ಕೇಳಿದವರಿಗೆ

ಶೈಲೇಶ್ ಅವರೇ,

ಇಷ್ಟು ವರ್ಷ ನಿಮ್ಮನ್ನು 'ನೀನು' ಎನ್ನುತ್ತಿದ್ದವಳು ಇಂದು 'ನೀವು' ಎನ್ನುತ್ತಿದ್ದೇನೆ. ಒಬ್ಬರನ್ನು ದೂರ ಇಡಲು ಕನ್ನಡದಲ್ಲಿ ಇದಕ್ಕಿಂತ ಸುಲಭದ ಉಪಾಯ ನನಗೆ ತಿಳಿದಿಲ್ಲ.

ಕಳೆದ ಭಾನುವಾರ ಡೊಂಬಿವಲಿಯಲ್ಲಿ ನಿಮ್ಮ ಉಪನ್ಯಾಸ ಕೇಳಿದೆ. ಇಲ್ಲಿನ ಕನ್ನಡದ ಹುಡುಗ ಹುಡುಗಿಯರಿಗೆ ಪ್ರೋಗ್ರಾಂ ಬರೆಯುವ ಶಿಸ್ತು ಹೇಳಿಕೊಡಿ ಎಂದು ಕನ್ನಡ ಸಂಘದವರು ನಿಮ್ಮನ್ನು ಕರೆದು ಶಾಲು ಹೊದಿಸಿದ್ದರು. ತೆಗೆದುಕೊಂಡದ್ದನ್ನು ತಪ್ಪದೆ ಹಿಂದಿರುಗಿಸುವುದೇ ಪ್ರೋಗ್ರಾಮರನ ಸಂಸ್ಕಾರ ಎಂದಿರಿ. ಚಪ್ಪಾಳೆ ಬಿತ್ತು. ಕಳವಾ ಊರಿನ ಡಯಾಲಿಸಿಸ್ ಕೇಂದ್ರದಲ್ಲಿ ಪ್ರೋಗ್ರಾಂ ಕೆಟ್ಟ ಕತೆ ಹೇಳಿ, ಆ ದೋಷವನ್ನು ಕಂಡುಹಿಡಿದವರೂ ಸರಿಪಡಿಸಿದವರೂ ನೀವೇ ಎಂದಿರಿ. ಮತ್ತೆ ಚಪ್ಪಾಳೆ. ಚಹಾದ ಹೊತ್ತಿಗೆ ನಿಮ್ಮ ಬಳಿ ಬಂದು, ಮಲ್ಲಿಕಾಳ ಹೆಸರನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬಾಯಲ್ಲಿ ಬಟಾಟೆವಡೆ ಇಟ್ಟುಕೊಂಡೇ ನೀವು ಕೇಳಿದಿರಿ: "ಯಾವ ಮಲ್ಲಿಕಾ, ಜಯಕ್ಕ?"

ನಟಿಸಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ನೀವು ನಿಜಕ್ಕೂ ಮರೆತಿದ್ದಿರಿ. ಆದ್ದರಿಂದ ಮೊದಲಿಂದ ಹೇಳುತ್ತೇನೆ.

ಮಹಾಪೆಯ ನಮ್ಮ ಆಫೀಸಿನಲ್ಲಿ ನೀವು ಟೀಮ್ ಲೀಡ್, ನಾನು ಟೆಸ್ಟರ್. ಮಲ್ಲಿಕಾ ನಮ್ಮಲ್ಲಿ ಎಲ್ಲರಿಗಿಂತ ಹೊಸಬಳು. ಕಲಬುರಗಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ ಕಳವಾ ಊರಿನಲ್ಲಿ. ಅವಳ ಕನ್ನಡ ಕೇಳಿ ನೀವು ಎಲ್ಲರೆದುರು ಅಣಕಿಸುತ್ತಿದ್ದಿರಿ. ನಿಮ್ಮ ಇಂಗ್ಲಿಷನ್ನು ಯಾರೂ ಅಣಕಿಸದಿದ್ದದ್ದು ನಮ್ಮ ದೊಡ್ಡತನ. ಡಯಾಲಿಸಿಸ್ ಕೇಂದ್ರಗಳಿಗೆ ನಾವು ಮಾಡಿಕೊಟ್ಟ ಪ್ರೋಗ್ರಾಮಿನಲ್ಲಿ ನರ್ಸ್ ಒಬ್ಬ ರೋಗಿಯ ವಿವರ ತೆರೆದಾಗಲೆಲ್ಲ ಡೇಟಾಬೇಸಿಗೆ ಒಂದು ಕನೆಕ್ಷನ್ ಬೇಕಾಗುತ್ತಿತ್ತು. ಅಂಥವು ಇರುವುದೇ ಕೆಲವು. ಕೆಲಸ ಮುಗಿದೊಡನೆ ಹಿಂದಿರುಗಿಸಿದರೆ ಮಾತ್ರ ಮುಂದಿನವರಿಗೆ ಸಿಗುತ್ತವೆ. ಹಿಂದಿರುಗಿಸುವ ಸಾಲನ್ನು ನೀವು ಎಲ್ಲಕ್ಕಿಂತ ಕೊನೆಗೆ ಬರೆದಿದ್ದಿರಿ. ನಡುವೆ ಒಂದು ರಕ್ತಪರೀಕ್ಷೆಯ ವರದಿ ಸಿಗದೆ ದೋಷ ಹುಟ್ಟಿದರೆ ಸಾಕು, ಪ್ರೋಗ್ರಾಂ ಅಲ್ಲಿಂದಲೇ ಹೊರಗೆ ಹಾರುತ್ತಿತ್ತು. ನಿಮ್ಮ ಕೊನೆಯ ಸಾಲು ಯಾರಿಗೂ ಬೇಡವಾಗಿ ಅಲ್ಲೇ ಬಿದ್ದಿರುತ್ತಿತ್ತು. ಹೀಗೆ ಒಂದೊಂದೇ ಕನೆಕ್ಷನ್ ಸಿಕ್ಕಿಹಾಕಿಕೊಂಡು ಕೊನೆಗೆ ಪರದೆಗಳೆಲ್ಲ ಸ್ತಬ್ಧ. ನಿಮ್ಮ ಪರಿಹಾರವೇನು? ದಿನಾ ಬೆಳಿಗ್ಗೆ ಸರ್ವರ್ ಆರಿಸಿ ಹೊತ್ತಿಸುವುದು. ಆ ಮಹಾವಿದ್ಯೆ ನಮ್ಮ ಕಟ್ಟಡದ ಲಿಫ್ಟ್‌ಮನ್‌ಗೂ ಗೊತ್ತಿತ್ತು.

ಮಲ್ಲಿಕಾ ಕಾರಣ ಹುಡುಕಿದಳು. ಕನೆಕ್ಷನ್ ಹಿಡಿದುಕೊಂಡ ಪ್ರೋಗ್ರಾಮಿನ ತುಣುಕಿಗೇ ಅದನ್ನು ಬಿಡುವ ಹೊಣೆಯನ್ನೂ ಕೊಟ್ಟು, ಕೆಲಸ ಸಾಗಲಿ, ನಡುವೆ ಮುರಿಯಲಿ, ಹೊರಬೀಳುವಾಗ ಅದು ತಾನಾಗಿ ಮುಚ್ಚಿಕೊಳ್ಳುವಂತೆ ಬರೆದು ತಂದಳು. ನೀವು ಕುರ್ಚಿಯಿಂದ ತಿರುಗಲೂ ಇಲ್ಲ. "ಗಾರ್ಬೇಜ್ ಕಲೆಕ್ಟರ್ ಉಂಟಲ್ಲ, ಅದೇ ಎಲ್ಲ ಕ್ಲೀನ್ ಮಾಡ್ತದೆ. ನೀನ್ಯಾಕೆ ಸುಮ್ಮನೆ ಖಾಲಿಪೀಲಿ ಟೆನ್ಷನ್ ತಗೊಳ್ತಿ?"

"ಅದು ಮೆಮೊರಿ ಅಷ್ಟ ನೋಡ್ತದ್ರಿ ಸರ್, ಅದೂ ತನಗ ತಿಳಿದಾಗ. ಕನೆಕ್ಷನ್ ನಾವ ವಾಪಸ್ ಕೊಡಬೇಕ್ರಿ," ಎಂದಳು.

ಬೇಡವಾದ ಮೆಮೊರಿಯನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರಿಗೂ ಕನೆಕ್ಷನ್‌ಗೂ ಸಂಬಂಧವಿಲ್ಲ ಎಂಬುದು ಕಾಲೇಜಿನ ಮೊದಲ ವರ್ಷದ ಪಾಠ. ನೀವು ಅವಳ ಕೆಲಸವನ್ನು ಓದದೆ ಬದಿಗೆ ತಳ್ಳಿದಿರಿ.

ಆಮೇಲೆ ಬಾಳಪ್ಪನವರು. ನಿಮಗೆ ಅವರು 'ಒಬ್ಬ ರೋಗಿ'. ಕಳವಾ ರೈಲ್ವೆ ಕಾರ್‌ಶೆಡ್‌ನಲ್ಲಿ ದುಡಿದು ನಿವೃತ್ತರಾದ ಮನುಷ್ಯ, ಉಸಿರು ಕಟ್ಟುವ ಸ್ಥಿತಿಯಲ್ಲಿ ಕೇಂದ್ರಕ್ಕೆ ಬಂದಿದ್ದರು. ಯಾವುದೋ ಒಂದು ಔಷಧ ಅವರಿಗೆ ಆಗುವುದಿಲ್ಲ. ಯಾವುದು ಎಂಬುದು ಪರದೆಯಲ್ಲಿತ್ತು, ಪರದೆ ತೆರೆಯಲಿಲ್ಲ. ನೋಡದೆ ಮಶಿನ್ ಹಚ್ಚಲು ನರ್ಸ್ ಹೆದರಿದಳು, ಅದು ಸರಿಯೇ. ಕಾಯುತ್ತ ಕಾಯುತ್ತ ಅವರ ತುಟಿ ನೀಲಿಗಟ್ಟಿತು. ಠಾಣೆಯ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಬದುಕಿದರು. ಅದಕ್ಕೆ ನಾವು ಕಾರಣರಲ್ಲ.

ಅವರ ಮಗಳು ಕಾಂಚನಾ ವಿಳಾಸ ಹುಡುಕಿಕೊಂಡು ನಮ್ಮ ಆಫೀಸಿಗೆ ಬಂದದ್ದಾದರೂ ನೆನಪಿದೆಯೇ? ಅವಳು ಕೂಗಾಡಲಿಲ್ಲ. "ಮಶಿನ್ ಖಾಲಿ ಇತ್ರಿ, ಡಾಕ್ಟರೂ ಇದ್ರು. ನಿಮ್ಮ ಕಂಪ್ಯೂಟರ್ ಬರಲಿಲ್ಲಂತ ಅಪ್ಪನ್ನ ಬೆಂಚಿನ ಮ್ಯಾಲ ಕೂಡಿಸಿದ್ರು. ಹಿಂಗ್ಯಾಕಾತು, ಅಷ್ಟ ಹೇಳ್ರಿ," ಎಂದಳು. ನೀವು ಅವಳಿಗೆ ಕೇಂದ್ರದ ನೆಟ್‌ವರ್ಕ್ ಸರಿಯಿಲ್ಲ ಎಂದಿರಿ. ಅವಳು ಹೋದ ಮೇಲೆ ಮಾಲಿಕ ದೇವದಾಸರ ಕೋಣೆಗೆ ನುಗ್ಗಿ, ಮಲ್ಲಿಕಾ ಕೇಳದೆ ಕೋಡ್ ಮುಟ್ಟಿದ್ದಾಳೆ, ಅದರಿಂದಲೇ ಹೀಗಾಯಿತು ಎಂದಿರಿ. ನೀವು ಪ್ರೋಗ್ರಾಮಿನ ಒಳಗೇ ಬಿಟ್ಟುಕೊಳ್ಳದ ಕೋಡ್ ಅದು.

ಮರುದಿನದ ಸಭೆಯಲ್ಲಿ ನಾನು ಎಲ್ಲರ ಮುಂದೆ ಪರೀಕ್ಷೆ ನಡೆಸಿ ತೋರಿಸಿದೆ. ವರದಿಯಿಲ್ಲದ ರೋಗಿಯ ವಿವರವನ್ನು ನಿಮ್ಮ ಪ್ರೋಗ್ರಾಮಿನಲ್ಲಿ ಮತ್ತೆ ಮತ್ತೆ ತೆರೆದೆ, ಪರದೆ ಸತ್ತುಹೋಯಿತು. ಮಲ್ಲಿಕಾಳದ್ದರಲ್ಲಿ ಅದನ್ನೇ ಮಾಡಿದೆ, ಏನೂ ಆಗಲಿಲ್ಲ. ನೀವು ಫೋನ್ ನೋಡುತ್ತಿದ್ದಿರಿ.

ದೇವದಾಸರು ಅಂದೇ ಅವಳ ಕೋಡ್ ಹಾಕಿಸಿದರು. ಆದರೆ ಗಿರಾಕಿಗಳಿಗೆ ನಿಮ್ಮ ಮಾತುಗಾರಿಕೆ ಇಷ್ಟ ಎಂದು ನಿಮ್ಮನ್ನು ಮುಟ್ಟಲಿಲ್ಲ, ಅವಳ ಮೇಲಿನ ಆರೋಪವನ್ನು ಬಾಯಿಬಿಟ್ಟು ಅಳಿಸಲೂ ಇಲ್ಲ. ಅವಳು ಕೆಲಸ ಬಿಟ್ಟು, ಬ್ಯಾಗ್ ಎತ್ತಿಕೊಂಡು ಹೊರಟಳು. ಅವಳೊಂದಿಗೆ ಲಿಫ್ಟಿನವರೆಗೆ ಹೋದವಳು ನಾನೊಬ್ಬಳೇ.

ಭಾನುವಾರ ಡೊಂಬಿವಲಿಯಿಂದ ಮನೆಗೆ ಬಂದು ಅವಳಿಗೆ ಫೋನ್ ಮಾಡಿದೆ. ನಿಮ್ಮ ಉಪನ್ಯಾಸದ ಸುದ್ದಿ ಕೇಳಿ ನಕ್ಕಳು. "ಬಿಡ್ರಿ ಜಯಕ್ಕ. ಬಾಳಪ್ಪ ಕಾಕಾ ಇನ್ನೂ ಅದ ಸೆಂಟರಿಗೆ ಡಯಾಲಿಸಿಸ್‌ಗೆ ಹೋಗ್ತಾರ. ಮೊನ್ನೆ ಸ್ಟೇಷನ್‌ನ್ಯಾಗ ಸಿಕ್ಕಿದ್ರು, ನನ್ನ ಗುರುತು ಅವರಿಗೆಲ್ಲಿ ಇರ್ತದ. ಪರದೆ ಈಗ ಲಗೂನ ಬರ್ತದಂತ ಕಾಂಚನಾಗ ಹೇಳಾಕತ್ತಿದ್ರು. ನನಗ ಅಷ್ಟ ಸಾಕು."

ಅವಳಿಗೆ ಸಾಕಾಯಿತು, ನನಗೆ ಸಾಲಲಿಲ್ಲ. ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಎದುರಿನವರಲ್ಲಿ ಒಂದಿಷ್ಟು ತೂಕ ಬೇಕು. ನೀವು ಕೆಟ್ಟವರು ಎಂದೂ ಹೇಳಲಾರೆ. ಕೆಟ್ಟವರಾಗಲು ಮಾಡಿದ್ದು ನೆನಪಿರಬೇಕು. ಈ ಪತ್ರದಿಂದ ನಿಮ್ಮ ನಿದ್ದೆ ಕೆಡುತ್ತದೆ ಎಂಬ ಭ್ರಮೆ ನನಗಿಲ್ಲ. ಅವಳ ಹೆಸರನ್ನು, ಅದರ ಹಿಂದಿನ ಕತೆಯನ್ನು ನಿಮಗೆ ಒಮ್ಮೆಯಾದರೂ ಪೂರ್ತಿ ಓದಿಸಬೇಕಿತ್ತು, ಓದಿಸಿದೆ.

ನಿಮಗೆ ಆಯುಸ್ಸು, ಆರೋಗ್ಯ ಇರಲಿ. ಎಂದಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಉಸಿರಿಗಾಗಿ ಕಾಯುವ ಗಳಿಗೆ ಬಂದರೆ, ಅಲ್ಲಿನ ಪರದೆಯ ಹಿಂದೆ ನೀವು ಹೆಸರು ಕೇಳದ ಯಾರೋ ಹುಡುಗಿ ಬರೆದ ಕೋಡ್ ಇರಲಿ, ನಿಮ್ಮದಲ್ಲ. ಇದಕ್ಕಿಂತ ಒಳ್ಳೆಯ ಹಾರೈಕೆ ನಿಮಗಾಗಿ ನನ್ನಲ್ಲಿಲ್ಲ.

ಜಯಲತಾ
ಸೀವುಡ್ಸ್