ಗಾಜಿನ ಕಪಾಟಿನಲ್ಲಿ ನಮ್ಮ ಅಜ್ಜಿಯ ಕೆಂಪು

ಮಾನ್ಯ ನಿರ್ದೇಶಕರೇ,

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಮೊದಲ ವರ್ಷದ ವಿದ್ಯಾರ್ಥಿ ನಿರ್ದೇಶಕರಿಗೆ ಪತ್ರ ಬರೆಯುವುದೇ ಅಧಿಕಪ್ರಸಂಗ, ಅದನ್ನು ಕ್ಯಾಂಟೀನಿನ ಗೋಡೆಗೂ ಅಂಟಿಸುವುದು ಅದರಪ್ಪ. ಆದರೂ ಹೇಳಲೇಬೇಕು: ತಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿರುವ ಆ ಕೆಂಪು ಬಾಟಲಿ ನಮ್ಮ ಅಜ್ಜಿಯದು. ಅವಳ ಬಾಯಿಗೆ ಅದು ಬೀಳುವ ತನಕ ನಮ್ಮ ಮನೆಯಲ್ಲಿ ಈ ವರ್ಷ ಯಾರೂ ಮರೀಟಾ ಹಣ್ಣು ತಿನ್ನುವಂತಿಲ್ಲ.

ಸಿಂಬುವಿನ ಬೆಟ್ಟಸೀಮೆಯಲ್ಲಿ ನಮ್ಮ ಕಣಿವೆಯ ಕಟ್ಟಳೆ ತಮಗೆ ಗೊತ್ತಿಲ್ಲದಿರಬಹುದು, ತಾವು ಕರಾವಳಿಯವರು. ಹಂಗಾಮಿನ ಮೊದಲ ಮರೀಟಾ ಹಣ್ಣನ್ನು ಬಿಸಿ ಕಲ್ಲಿನ ಗುಂಡಿಯಲ್ಲಿ ಬೇಯಿಸಿ, ಕೈಯಲ್ಲಿ ಹಿಂಡಿ, ಆ ಕೆಂಪು ರಸವನ್ನು ಮನೆಯ ಹಿರಿಯರ ಗೆಣಸಿನ ಮೇಲೆ ಸುರಿಯಬೇಕು. ಆಮೇಲಷ್ಟೇ ಉಳಿದವರ ಸರದಿ. ಮಿಷನ್ ಹಾಸ್ಟೆಲಿನಲ್ಲಿ ಅರ್ಧ ಇಂಗ್ಲಿಷಿನಲ್ಲಿ ಬೆಳೆದ ನನಗೂ ಇದು ರಜೆಯಲ್ಲಿ ಬಿಡಿಬಿಡಿಯಾಗಿ ತಿಳಿದ ವಿಷಯ. ಆದ್ದರಿಂದಲೇ ನಮ್ಮ ಕಡೆಯ ಹಿರಿಯ ವಿದ್ಯಾರ್ಥಿಗಳೆಲ್ಲ ಮನೆಯ ಹಿರಿಯರು ತಿಂದ ಮೇಲೆ ಎರಡನೆಯ ಹಣ್ಣು ತರೋಣವೆಂದು ಜಾಣತನದಿಂದ ಕಾಯುತ್ತಿದ್ದಾಗ, ತಾವು ತರಗತಿಯಲ್ಲಿ ಕೇಳಿದ ‘ಮೊಟ್ಟಮೊದಲ ಹಣ್ಣ’ನ್ನು ವೆನಾ ಅತ್ತೆಯ ಕೈಯಿಂದಲೇ ತರಿಸಿಕೊಟ್ಟವನು ನಾನೊಬ್ಬನೇ. ಕೊಡುವ ಮುಂಚೆ ಅತ್ತೆ ತಮ್ಮನ್ನು ನೇರವಾಗಿ ಕೇಳಿದ್ದಳು.

“ಸಾರ್, ಕೆಂಪು ನಮಗೆ ವಾಪಸ್ ಬರತ್ತಲ್ವಾ? ನಮ್ಮಮ್ಮ ಕಾಯ್ತಿರ್ತಾಳೆ.”

“ಬರತ್ತಮ್ಮ, ಖಂಡಿತ,” ಎಂದಿರಿ ತಾವು. ಲ್ಯಾಬಿನ ಬಾಗಿಲಲ್ಲಿ, ನಾನು ಪಕ್ಕದಲ್ಲೇ ನಿಂತಿದ್ದಾಗ.

ಹಣ್ಣಿನಿಂದ ಬಣ್ಣ ತೆಗೆಯುವ ಯಂತ್ರ ಓಡಿಸಿದ ದಿನ ನಮ್ಮವರು ಹತ್ತು ಹನ್ನೆರಡು ಮಂದಿ ಬೆಂದ ಗೆಣಸಿನ ಬುಟ್ಟಿ ಹೊತ್ತುಕೊಂಡು ಬಂದು ತಮ್ಮ ಹುಲ್ಲುಹಾಸಿನ ಮೇಲೆ ಕುಳಿತರು. ಮರೀಟಾ ಬಿಚ್ಚುವ ಕಡೆಗೆ ಗೆಣಸಿಲ್ಲದೆ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕಾವಲುಗಾರ ಪಿಕ್ನಿಕ್ ನಿಷಿದ್ಧ ಎಂದು ಗದರಿದ. ಒಳಗೆ ತಾವು, ಇಂಗಾಲದ ಡೈಆಕ್ಸೈಡನ್ನು ಅಸಾಧ್ಯ ಒತ್ತಡದಲ್ಲಿ ಒತ್ತಿದರೆ ಅದು ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬಂದು ಬಣ್ಣವನ್ನು ಹೀರುತ್ತದೆ, ಒತ್ತಡ ಇಳಿಸಿದೊಡನೆ ಬಣ್ಣವನ್ನು ಬಿಟ್ಟು ತಾನು ಹಾರಿಹೋಗುತ್ತದೆ ಎಂದು ವಿವರಿಸುತ್ತಿದ್ದಿರಿ. ನಿಜಕ್ಕೂ ಬೆರಗಾದೆ ಸರ್. ಬಾಟಲಿಯ ವಿಷಯ ಕೇಳಿದಾಗಲೆಲ್ಲ ತಮ್ಮ ಕಚೇರಿಯಿಂದ ಹೌದೂ ಅಲ್ಲದ ಇಲ್ಲವೂ ಅಲ್ಲದ ಉತ್ತರ ಬರುತ್ತದಲ್ಲ, ಅದು ಯಾವ ಸ್ಥಿತಿಯೆಂದು ಆಗ ಅರ್ಥವಾಯಿತು.

ತೋಳುದ್ದದ ಹಣ್ಣನ್ನು ಒಣಗಿಸಿ, ಪುಡಿ ಮಾಡಿ, ಕೋಣೆ ತುಂಬ ಗುಡುಗುವ ಯಂತ್ರಕ್ಕೆ ಹಾಕಿದರೆ ಬಂದದ್ದು ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಅರ್ಧ. ಕಿಟಕಿಯಿಂದ ನೋಡಿದ ವೆನಾ ಅತ್ತೆ ನನ್ನ ಕಿವಿಯಲ್ಲಿ ಅಂದಳು: “ಇಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಇಷ್ಟೇನಾ ಬಿಡೋದು? ಹೋಗ್ಲಿ, ಇಸ್ಕೊಂಡು ಬಾ ಮಗಾ, ಗೆಣಸು ತಣ್ಣಗಾಗ್ತಿದೆ.”

ಗೆಣಸು ತಣ್ಣಗಾಯಿತು. ಬಾಟಲಿ ಕಪಾಟು ಸೇರಿತು.

ನಾನು ಕೇಳಲು ಬಂದಾಗ ತಾವು ಕೊಟ್ಟ ಸಲಹೆ ನೆನಪಿದೆ: “ಇನ್ನೊಂದು ಹಣ್ಣು ಹಿಂಡಿ ಕೊಡಪ್ಪ, ಕೆಂಪು ಅಂದ್ರೆ ಎಲ್ಲಾ ಒಂದೇ.” ಹಾಗಾದರೆ ತರಗತಿಯಲ್ಲಿ, ಒಂದು ಗಿಡದ ಬಣ್ಣದಂತೆ ಇನ್ನೊಂದರದಿಲ್ಲ, ಈ ಮಾದರಿ ಮತ್ತೆ ಸಿಗುವುದಿಲ್ಲ ಎಂದು ಬೋರ್ಡಿಗೆ ಕುಟ್ಟಿ ಹೇಳಿದವರು ಯಾರು? ತಮ್ಮ ಕಪಾಟಿಗೆ ಮಾತ್ರ ಆ ಹಣ್ಣು ಅಪೂರ್ವ, ನಮ್ಮ ಅಜ್ಜಿಗೆ ಯಾವುದಾದರೂ ನಡೆಯುತ್ತದೆಯೇ? ತಿನ್ನಲು ಯೋಗ್ಯವೇ ಎಂದು ಇನ್ನೂ ಪರೀಕ್ಷೆಯಾಗಿಲ್ಲ ಎಂದೂ ಅಂದಿರಿ. ಶುಕ್ರವಾರ ರಾಜಧಾನಿಯಿಂದ ಬರುವ ಅತಿಥಿಗಳ ಐಸ್‌ಕ್ರೀಮಿಗೆ ಅದನ್ನೇ ಬೆರೆಸುತ್ತಾರಂತೆ. ಅವರ ಹೊಟ್ಟೆ ನಮ್ಮ ಅಜ್ಜಿಯದಕ್ಕಿಂತ ಗಟ್ಟಿಯೇ?

ಅತಿಥಿಗಳು ಮೊದಲು ತಿಂದರೆ ನಮ್ಮ ಮನೆಗೆ ಈ ಹಂಗಾಮು ಮುಗಿದಂತೆ. ಕಳೆದ ವಾರ ಊರಿಗೆ ಹೋಗಿದ್ದೆ. ಪಕ್ಕದ ಮನೆಯ ಮಕ್ಕಳು ಕೆಂಪು ತುಟಿ ನೆಕ್ಕುತ್ತ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತವೆ. ನಮ್ಮ ಮಕ್ಕಳು ಬರೀ ಗೆಣಸು ಅಗಿಯುತ್ತ ನನ್ನನ್ನು ನೋಡುತ್ತವೆ. ಹಿಂದೆ ಮರದಲ್ಲಿ ಹಣ್ಣು ಬಿರಿಯುತ್ತಿದೆ, ಕೊಯ್ಯಲು ಯಾರೂ ಏಳುವುದಿಲ್ಲ. ಕಟ್ಟಳೆ ಸಡಿಲಿಸೋಣವೇ ಎಂದು ಅಜ್ಜಿಯನ್ನು ಕೇಳಿದೆ. ನಮ್ಮ ದಂಬುಯ್ ಅಜ್ಜಿಗೆ ಹಲ್ಲಿಲ್ಲ, ನಾಲಿಗೆ ಇದೆ.

“ನಾನು ಸತ್ರೆ ನಿಮ್ಮತ್ತೆ ಹಿರಿಯಳಾಗ್ತಾಳೆ, ಅಷ್ಟೇ ಕಣೋ. ಅವಳಿಗೂ ಅದೇ ಬಾಟ್ಲಿ ಬೇಕು. ನಿಮ್ಮ ದೊಡ್ಡ ಸಾರ್‌ಗೆ ಹೇಳು, ನಾನು ಜಾಸ್ತಿ ಏನೂ ತಿನ್ನಲ್ಲ.”

ಆದ್ದರಿಂದ ನನ್ನ ಬೇಡಿಕೆ ಬಾಟಲಿಯದ್ದಲ್ಲ, ಒಂದು ಹನಿಯದ್ದು. ಶುಕ್ರವಾರಕ್ಕೆ ಮೊದಲು ಕಪಾಟು ತೆರೆಯಿರಿ. ಅಜ್ಜಿಯನ್ನು ನಾವೇ ಬಸ್ಸಿನಲ್ಲಿ ಕರೆತಂದು ತಮ್ಮ ಹುಲ್ಲುಹಾಸಿನ ಮೇಲೆ ಕೂರಿಸುತ್ತೇವೆ, ಗೆಣಸೂ ನಮ್ಮದೇ. ತಾವು ತಮ್ಮ ಕೈಯಾರೆ ಒಂದು ಹನಿ ಬಿಡಿ, ಉಳಿದದ್ದಕ್ಕೆ ಮತ್ತೆ ಬೀಗ ಹಾಕಿ. ಆಮೇಲೆ ಅತಿಥಿಗಳು ಐಸ್‌ಕ್ರೀಮ್ ತಿನ್ನಲಿ, ಅವರದು ಎರಡನೆಯ ಸರದಿ. ಕಾವಲುಗಾರನಿಗೆ ಮಾತ್ರ ಮುಂಚೆಯೇ ಹೇಳಿಡಿ, ಅಜ್ಜಿಯನ್ನು ಗದರಿದರೆ ಅವನ ಗತಿಗೆ ನಾನು ಹೊಣೆಯಲ್ಲ.

ಪ್ರಾಕ್ಟಿಕಲ್ ಅಂಕ ತಮ್ಮ ಕೈಯಲ್ಲಿದೆ ಎಂಬುದು ಈ ಸಾಲು ಬರೆಯುವಾಗಲೂ ನೆನಪಿದೆ. ಬೇಕಾದರೆ ಕಡಿಮೆ ಕೊಡಿ. ಹಣ್ಣು ಬಿರಿಯುತ್ತಿದೆ, ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ಊರಿಗೂ ಹೋಗಲಾರದ, ತಮ್ಮ ಕಣ್ಣಿಗೂ ಬೀಳಲಾರದ
ಫಿಡೆಲಿಸ್ ಕೌಪಾ
ಮೊದಲ ವರ್ಷ, ಆಹಾರ ತಂತ್ರಜ್ಞಾನ