ಎರಡೂ ಕೆನ್ನೆಗೆ ಒಂದೇ ಹಾಳೆ

ಮಾರ್ಚ್ ೯, ಭಾನುವಾರ
ಅಮ್ಮನ ಕೋಣೆಯಿಂದ

ಅಕ್ಕಾ,

ಪಾರ್ಶ್ವವಾಯುವಿನಿಂದ ಎಡಗೆನ್ನೆ ಜೋತುಬಿದ್ದ ಮೇಲೆ ಅಮ್ಮ ಕನ್ನಡಿಗೆ ಟವೆಲ್ ಹೊದಿಸಿದ್ದು, ನಿನ್ನನ್ನೂ ಬರಬೇಡವೆಂದದ್ದು ನಿನಗೆ ಗೊತ್ತೇ ಇದೆ. ಇವತ್ತು ನನಗೆಂದು ತಂದಿದ್ದ ಶೀಟ್ ಮಾಸ್ಕನ್ನು, ಚರ್ಮದ ಆರೈಕೆಗೆ ಮುಖದ ತುಂಬ ಅಂಟಿಸುವ ಆ ಒದ್ದೆ ಹಾಳೆಯನ್ನು, ಅವಳ ಮುಖಕ್ಕೆ ಹಾಕಿದೆ.

"ಬದುಕಿರೋವಾಗ್ಲೇ ಮುಖ ಮುಚ್ತೀಯೇನೇ?" ಎಂದಳು.

ಗಾಬರಿಯಲ್ಲಿ ತಲೆಕೆಳಗಾಗಿ ಹಾಕಿದ್ದೆ. ಬಾಯಿಯ ತೂತು ಹಣೆಗೆ ಬಂದಿತ್ತು. ಊರಿನ ಅರ್ಧ ಹೆಂಗಸರ ಮುಖ ತಿದ್ದಿದ ಬ್ಯೂಟಿಷಿಯನ್ ನಮ್ಮಮ್ಮ, ಸುಮ್ಮನಿರುತ್ತಾಳೆಯೇ? "ಟವೆಲ್ ತೆಗಿ, ನಾನೇ ಸರಿ ಮಾಡ್ಕೋತೀನಿ."

ಕನ್ನಡಿಯ ಮುಂದೆ ಒಂದೇ ಕೈಯಲ್ಲಿ ಗಲ್ಲದಿಂದ ಮೇಲಕ್ಕೆ ಒತ್ತುತ್ತಾ ಹೋದಳು. ಎಡಗೆನ್ನೆಯ ಮೇಲೆ ಬೆರಳು ತುಸು ಹೆಚ್ಚು ಹೊತ್ತು ನಿಂತಿತು. ಹಾಳೆ ತೆಗೆದ ಮೇಲೂ ಕನ್ನಡಿಗೆ ಮತ್ತೆ ಟವೆಲ್ ಹೊದಿಸು ಎನ್ನಲಿಲ್ಲ.

"ದೊಡ್ಡವಳದು ಮೊದಲಿಂದ್ಲೂ ಒಣ ಚರ್ಮ. ಬಂದ್ರೆ ನಾನೇ ಹಾಕ್ತೀನಿ."

ಎರಡು ಮಾಸ್ಕ್ ತಾ. ಅಮ್ಮನ ಮಾತು ತೊದಲುತ್ತದೆ, ಫೋನಿನಲ್ಲಿ ಅವಳು ಮುಗಿಸುವವರೆಗೆ ಕಾಯಿ. ಈ ಪತ್ರ ತಲುಪಿದ ಮೇಲೆ ನಿನ್ನನ್ನು ತಾನೇ ಫೋನಿನಲ್ಲಿ ಕರೆಯುವುದೆಂದು ಅಮ್ಮ ತೀರ್ಮಾನಿಸಿದ್ದಾಳೆ.

ನಿನ್ನ ತಂಗಿ