ಒಂದೇ ಮಂಚಕ್ಕೆ ಎರಡು ಬಾಡಿಗೆ

ಪ್ರೀತಿಯ ಅಕ್ಕಾ,

ಹೊಲಿಗೆ ಕೆಲಸಕ್ಕೆ ಇಲ್ಲಿ ನಮ್ಮೂರಿನ ಮೂರು ಪಟ್ಟು ಕೂಲಿ ಸಿಗುವುದೇನೋ ನಿಜ. ಆದರೆ ಇಷ್ಟು ದೊಡ್ಡ ಊರಿನಲ್ಲಿ ಒಂದು ಮಂಚ ಹಿಡಿಸುವ ಕೋಣೆಯ ಬಾಡಿಗೆಯೇ ಅದರ ಮುಕ್ಕಾಲನ್ನು ನುಂಗಿಬಿಡುತ್ತದೆ.

ದಿನಾ ಸಂಜೆ ಬಂದಾಗ ಹಾಸಿಗೆ ಬೆಚ್ಚಗಿರುತ್ತಿತ್ತು. ಬಿಸಿಲಿನ ಕಾವು ಅಂದುಕೊಂಡಿದ್ದೆ. ಕೋಣೆಗೆ ಕಿಟಕಿಯೇ ಇಲ್ಲವೆಂಬುದು ಹೊಳೆಯಲೇ ಇಲ್ಲ. ನಿನ್ನೆ ಅರ್ಧ ದಿನ ರಜೆ ಸಿಕ್ಕಿತೆಂದು ಮಧ್ಯಾಹ್ನವೇ ಬಂದರೆ, ನನ್ನ ಹೊದಿಕೆಯೊಳಗೆ ದಪ್ಪನೆಯ ನರ್ಸೊಬ್ಬಳು ಗೊರಕೆ ಹೊಡೆಯುತ್ತಿದ್ದಾಳೆ. ರಾತ್ರಿ ಪಾಳಿಯವಳಂತೆ. ಎಬ್ಬಿಸಿದ್ದಕ್ಕೆ, "ದಿಂಬಿಗೆಲ್ಲ ಎಣ್ಣೆ ಮೆತ್ತೋಳು ನೀನೇನಾ?" ಎಂದು ನನ್ನನ್ನೇ ಗದರಿದಳು. ಅವಳೂ ತಿಂಗಳು ತಿಂಗಳು ಪೂರ್ತಿ ಬಾಡಿಗೆ ಕೊಡುತ್ತಿದ್ದಾಳೆ.

ಇಬ್ಬರೂ ಕೂಡಿಯೇ ಹೋಗಿ ಓನರಮ್ಮನನ್ನು ಕೇಳಿದೆವು.

"ಒಬ್ಬರಿಗೊಬ್ಬರು ಜೊತೆ ಮಾಡಿಕೊಟ್ಟಿದೀನಿ, ಅದಕ್ಕೇನಾದ್ರೂ ಜಾಸ್ತಿ ತಗೊಂಡ್ನಾ?" ಅಂದರು.

ನರ್ಸ್ ತೋಳೇರಿಸಿದಳು. ಇವತ್ತಿನಿಂದ ಇಬ್ಬರಿಗೂ ಅರ್ಧರ್ಧ ಬಾಡಿಗೆ.

ನನ್ನ ಕೆಮ್ಮು ಕಡಿಮೆಯಾಗಿದೆ, ಅವಳೇ ಮಾತ್ರೆ ಕೊಟ್ಟಳು. ಇನ್ನು ಮೇಲೆ ನಿನಗೂ ಅಷ್ಟಿಷ್ಟು ಹಣ ಕಳಿಸಬಲ್ಲೆ. ಭಾವ ಕೆಲಸಕ್ಕೆಂದು ಇಲ್ಲಿಗೆ ಬರುವುದೇ ಆದರೆ, ಮೊದಲು ನಿಂತುಕೊಂಡೇ ನಿದ್ದೆ ಮಾಡುವುದನ್ನು ಕಲಿತು ಬರಲಿ.

ನಿನ್ನ ತಂಗಿ